ಹರಿಗೋಲಿನಲ್ಲಿ ಬಲೆ ಕಾಯುವ ಪಾಡು

ಸಿರುಗುಪ್ಪದ ಹತ್ತಿರ ಹೊಳೆದಂಡೆಯಲ್ಲಿ ಹರಿಗೋಲು ಕಟ್ಟಿಕೊಂಡು ಬದುಕುವವನಿಗೆ ಮೀನು ಹಿಡಿಯುವುದು ಅರ್ಧ ಕೆಲಸ, ಬಲೆ ಕಾಯುವುದು ಉಳಿದರ್ಧ. ಒದ್ದೆ ಬಲೆಯನ್ನು ದಿನಾ ಮನೆಗೆ ಹೊರಲು ನನ್ನ ಸೊಂಟ ಒಪ್ಪುವುದಿಲ್ಲ. ಒಳಗೆ ತಂದರೆ ನಾತಕ್ಕೆ ಹೆಂಡತಿ ಒಪ್ಪುವುದಿಲ್ಲ. ಹೀಗಾಗಿ ಬಲೆ ಹರಿಗೋಲಿನಲ್ಲೇ ಬಿದ್ದಿರುತ್ತದೆ, ನನಗೂ ಒಂದಲ್ಲ ಒಂದು ಗೋಳು ತಪ್ಪುವುದಿಲ್ಲ. ಸಾಕಾಗಿ ಹೋಗಿದೆ.

ಬಳ್ಳಾರಿಯ ಬೀಗ

ರೈಲು ಬಂದ ಮೇಲೆ ಬಳ್ಳಾರಿ ಪೇಟೆಯಲ್ಲಿ ಸಿಗದ ಸಾಮಾನಿಲ್ಲ ಎಂದು ಕೇಳಿ, ಅಲ್ಲಿಗೇ ಹೋಗಿ ಅಂಗೈ ಅಗಲದ ಬೀಗ, ಸರಪಳಿ ತಂದೆ. ಬಲೆಯ ಗಂಟನ್ನು ಹರಿಗೋಲಿನ ಬಿದಿರಿಗೆ ಬಿಗಿದು ಬೀಗ ಜಡಿದೆ. ಆನೆ ಜಗ್ಗಿದರೂ ಬಿಚ್ಚುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಸುಳ್ಳಲ್ಲ, ಬಿಚ್ಚಲಿಲ್ಲ. ಕಳ್ಳ ಬಿದಿರನ್ನೇ ಕೊಯ್ದು ಬೀಗ, ಸರಪಳಿ ಎರಡನ್ನೂ ಒಯ್ದಿದ್ದ. ಬಲೆ ಅವನಿಗೆ ಬೇಕಾಗಿರಲಿಲ್ಲ. ತೂತಾದ ಹರಿಗೋಲು ಬಲೆಯ ಸಮೇತ ನೀರಲ್ಲಿ ಕೂತಿತ್ತು. ಬೀಗದ ಕೈ ಮಾತ್ರ ಈಗಲೂ ನನ್ನ ಉಡಿದಾರದಲ್ಲಿ ಭದ್ರವಾಗಿದೆ.

ಜೋಡಿ ಬಲೆ

ಮುಂದಿನ ಸಲ ಬೀಸುಬಲೆಯೇ ಹೋಯಿತು. ಪೋಲೀಸಿನವನ ಹತ್ತಿರ ಹೋದೆ. ಕಳುವಾದ ಬಲೆ ಹೇಗಿತ್ತು ಎಂದು ಕೇಳಿದ. ಇದರ ಹಾಗೇ ಇತ್ತು ಎಂದು ಅದರ ಜೋಡಿಯನ್ನು ತೋರಿಸಿದ್ದೇ ತಪ್ಪಾಯಿತು. ಕಳ್ಳ ಸಿಕ್ಕಾಗ ಹೋಲಿಸಿ ನೋಡಲು ಬೇಕು ಎಂದು ಇಸಿದುಕೊಂಡು ಠಾಣೆಯ ಗೂಟಕ್ಕೆ ನೇತುಹಾಕಿದ. ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದರೆ ಇಲಿಗಳು ಅರ್ಧ ತಿಂದಿದ್ದವು. ಅಂಗಲಾಚಿ ಕೇಳಿದೆ. “ಇಲ್ಲೇ ಇರ್ಲಿ ಬಿಡಲೇ,” ಎಂದ, “ನಿನ್ನ ಹತ್ರ ಇದ್ರ ಕಳುವಾಗತೈತಿ.”

ಕಲ್ಲು

ಬೇಸಿಗೆಯೆಲ್ಲ ಕೂತು ಹೆಣೆದ ಬಲೆಯೊಂದೇ ಉಳಿಯಿತು. ಅದೂ ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನಿಜಕ್ಕೂ ಹೆದರಿದ್ದೆ. ಕುರುಗೋಡಿನಿಂದ ಬಂದ ಹೆಂಡತಿಯ ಅಣ್ಣ ಉಪಾಯ ಹೇಳಿದ. ಅವರ ಕಡೆ ಕಡಲೆ ಹೊಲದಲ್ಲಿ ಸುಣ್ಣ, ಕುಂಕುಮ ಹಚ್ಚಿದ ಕಲ್ಲು ಇಡುತ್ತಾರಂತೆ, ದೇವರ ಭಯಕ್ಕೆ ಕಳ್ಳ ಕೈ ಹಚ್ಚುವುದಿಲ್ಲವಂತೆ. ನಾನೂ ಹೊಳೆಯ ಕಲ್ಲೊಂದನ್ನು ಹಾಗೇ ಸಿಂಗರಿಸಿ ಹರಿಗೋಲಿನಲ್ಲಿದ್ದ ಬಲೆಯ ಮೇಲಿಟ್ಟೆ.

ಯಾರೂ ಮುಟ್ಟಲಿಲ್ಲ. ಆದರೆ ಆ ಕಲ್ಲಿಗೆ ಕೈಮುಗಿದು ಹೋದ ಯಾರದೋ ಕಳೆದ ಎಮ್ಮೆ ಸಿಕ್ಕಿ, ಅವರು ಬಂದು ಕಾಯಿ ಒಡೆದರು. ಆಮೇಲೆ ಜನ ಬರುವುದು ನಿಲ್ಲಲಿಲ್ಲ. ಕರೂರಿನ ಕಡೆಯವನೊಬ್ಬ ತಾನೇ ಪೂಜಾರಿಯಾಗಿ ದಂಡೆಯಲ್ಲಿ ಗುಡಿಸಲು ಹಾಕಿದ. ಮೀನಿಗೆ ಹೋಗೋಣವೆಂದು ಕಲ್ಲು ಎತ್ತಲು ಬಗ್ಗಿದರೆ ಹೆಂಡತಿಯೇ ಕೈ ಹಿಡಿದಳು.

“ತಾಯೀನ ಎಬ್ಬಿಸಬ್ಯಾಡ್ರಿ. ನಿಮ್ಮ ಸೊಂಟಕ್ಕ ಹರಕಿ ಹೊತ್ತೀನಿ.”

ಆ ಕಲ್ಲು ತಂದವನೇ ನಾನು ಎಂದೆ.

“ನೀವು ತರಲಿಲ್ರಿ. ಆಕೀನ ಬಂದಾಳ.”

ಮನೆಯಲ್ಲಿ ಬರಿ ಗಂಜಿಯಾಯಿತು. ಒಂದು ಮಧ್ಯಾಹ್ನ ಪೂಜಾರಿ ಮಲಗಿದ್ದನ್ನು ನೋಡಿ ಕಲ್ಲು ಸರಿಸಿ ನನ್ನ ಬಲೆ ಎಳೆದುಕೊಂಡೆ. ಅವನು ಎದ್ದು ಕೂಗಿದ. ದಂಡೆಯ ಜನವೆಲ್ಲ ಸೇರಿ ನನ್ನನ್ನು ಜಾಲಿ ಮರಕ್ಕೆ ಕಟ್ಟಿದರು. ಅಷ್ಟು ವರ್ಷದಲ್ಲಿ ಆ ಹರಿಗೋಲಿನ ಹತ್ತಿರ ಸಿಕ್ಕಿಬಿದ್ದ ಕಳ್ಳ ನಾನೊಬ್ಬನೇ. ಊರ ಹಿರಿಯರು ಕನಿಕರಪಟ್ಟು ಸಣ್ಣ ಶಿಕ್ಷೆ ಹಾಕಿದರು. ತಾಯಿಗೆ ನಾನು ಇನ್ನೊಂದು ಬಲೆ ಹೆಣೆದು ಒಪ್ಪಿಸಬೇಕು.

ಹೆಂಡತಿ ನೂಲು ತಂದುಕೊಟ್ಟಳು. ದೇವಿಗೆ ಎಂಥ ಬಲೆ ಬೇಕಪ್ಪಾ ಎಂದು ಪೂಜಾರಿಯನ್ನು ಕೇಳಿದೆ.

“ಕಣ್ಣು ಸಣ್ಣವು ಇರ್ಲಿ,” ಎಂದ. “ಈಗಿನ ಬಲ್ಯಾಗ ಮರಿಮೀನು ಜಾರಿ ಹೋಗಾಕ ಹತ್ಯಾವ.”