ಬೊಂಬೆಯ ಎಡಗಣ್ಣು

ಕಾರ್ತಿಕದ ಕೊನೆ. ದೊಡ್ಡನೆಕ್ಕುಂದಿಯ ಬೀದಿಗೆ ಹೊಸ ಅವರೆಕಾಯಿ ಬಂದಿತ್ತು, ಅದರ ಸೊಗಡು ಹೊಗೆ ಧೂಳನ್ನೂ ಮೀರಿ ಮನೆಮನೆಗೆ ನುಗ್ಗುತ್ತಿತ್ತು. ಚಿಕ್ಕಮುನಿಯಪ್ಪ ತನ್ನ ಪಿಜಿ ಕಟ್ಟಡದ ಹಿಂದೆ ಉಳಿದಿದ್ದ ಅಂಗೈಯಗಲದ ಜಾಗದಲ್ಲಿ ಹಾಲು ಕರೆಯಲು ಕೂತಿದ್ದ. ಹೆಂಡತಿ ಪಿಳ್ಳಮ್ಮ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಹೊಲವೆಲ್ಲ ಹೋಗಿ, ಉಳಿದ ತುಂಡಿನಲ್ಲಿ ನಾಲ್ಕಂತಸ್ತು ಎದ್ದು, ಅದರ ತುಂಬ ಕಂಪ್ಯೂಟರ್ ಹುಡುಗರು ಸೇರಿಕೊಂಡಿದ್ದರೂ, ಹಸು ಇಲ್ಲದೆ ಬೆಳಗು ಮಾಡುವುದು ಹೇಗೆಂದು ಗಂಡಹೆಂಡಿರಿಬ್ಬರಿಗೂ ಗೊತ್ತಿರಲಿಲ್ಲ.

"ಅದೇನ್ರೀ, ಈ ವಯಸ್ನಾಗೆ ನಂಗೆ ಕಣ್ ಒಡೀತಿದ್ದೀರಿ?" ಅಂದಳು ಪಿಳ್ಳಮ್ಮ.

ತಾನು ಹೊಡೆದಿಲ್ಲ ಅಂದ ಅವನು. ಅವಳು ಮೊರ ಬಿಟ್ಟು ಹತ್ತಿರ ಬಂದು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಬಲಗಣ್ಣು ಎಂದಿನಂತೆ ಇತ್ತು. ಎಡಗಣ್ಣಿನ ರೆಪ್ಪೆ ಮಾತ್ರ, ಅಂಗಡಿ ಮುಚ್ಚುವ ಹೊತ್ತಿಗೆ ಅರ್ಧ ಎಳೆದ ಶಟರಿನ ಹಾಗೆ, ಪಾಪೆಯ ಮೇಲೆ ಜಾರಿತ್ತು.

ಬೇರೆ ದಿನವಾಗಿದ್ದರೆ ಇದು ದೊಡ್ಡ ಸಂಗತಿಯಲ್ಲ. ಆದರೆ ಅವತ್ತು ಪಕ್ಕದ ದೇವರಾಜನ ಗೃಹಪ್ರವೇಶ.

ದೇವರಾಜ ಚಿಕ್ಕಮುನಿಯಪ್ಪನಿಗಿಂತ ಕಿರಿಯ, ಬಾಯಿ ತುಂಬ ಅಣ್ಣ ಅನ್ನುವವನು. ಅದೇ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಇದ್ದ ದೊಡ್ಡ ತೊಡಕು. ಇವನದು ನಾಲ್ಕಂತಸ್ತಾದರೆ ಅವನದು ಐದು. ಇವನ ಪಿಜಿ ಹುಡುಗರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರೆ ಅವನು ಲಿಫ್ಟು ಹಾಕಿಸಿದ್ದ. ಹಿಂದಿನ ರಾತ್ರಿ ಆ ಐದಂತಸ್ತಿನ ಮೇಲಿಂದ ಇಳಿಬಿಟ್ಟ ಬಣ್ಣದ ದೀಪಗಳು ಕೆಂಪು, ಹಸಿರು, ಕೆಂಪು, ಹಸಿರು ಎಂದು ಇವನ ಮಲಗುವ ಕೋಣೆಯ ಗೋಡೆಯ ಮೇಲೆ ಕುಣಿದಿದ್ದವು. ಚಿಕ್ಕಮುನಿಯಪ್ಪ ಒಂದು ಚಣವೂ ಕಣ್ಣು ಮುಚ್ಚಿರಲಿಲ್ಲ. ನಸುಕಿನ ಪೂಜೆಗೆ ಪಿಳ್ಳಮ್ಮ ಒಬ್ಬಳೇ ಹೋಗಿ ಬಂದಿದ್ದಳು. ಇವನು ಹಸುವಿನ ನೆಪ ಹೇಳಿದ್ದ.

ಕಟ್ಟಡ ಏಳುತ್ತಿದ್ದಾಗ ಕೆಟ್ಟ ಕಣ್ಣು ತಾಗದಿರಲೆಂದು ದೇವರಾಜ ಕಟ್ಟಿಸಿದ್ದ ದೃಷ್ಟಿಬೊಂಬೆ ಮೂರನೇ ಅಂತಸ್ತಿನ ಬಾಲ್ಕನಿಯಿಂದ ನೇರ ಇವನ ಹಿತ್ತಲಿಗೇ ಮುಖ ಮಾಡಿ ತೂಗುತ್ತಿತ್ತು. ಕೋರೆಹಲ್ಲು, ಮೊಳದ ನಾಲಿಗೆ, ಬೋಗುಣಿಯಂಥ ಕಣ್ಣು. ಮಳೆಗಾಲದಲ್ಲಿ ಬಣ್ಣ ಇಳಿದು ಅದರ ಎಡಗಣ್ಣೂ ಅರ್ಧ ಮುಚ್ಚಿಕೊಂಡಿತ್ತು.

ಹಾಲಿಗೆ ಚೊಂಬು ಹಿಡಿದು ಬಂದ ಎದುರುಮನೆ ಶಿವಲಿಂಗಮ್ಮ ಮೊದಲು ಇವನ ಕಣ್ಣು ನೋಡಿದಳು, ಆಮೇಲೆ ಬೊಂಬೆಯ ಕಣ್ಣು ನೋಡಿದಳು, ಮತ್ತೆ ಇವನದು ನೋಡಿದಳು. ಬೀದಿಯ ಯಾವ ವ್ಯಾಜ್ಯವಿದ್ದರೂ ಅವಳ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ.

"ಅದ್ರ ಮ್ಯಾಲೆ ಬಿದ್ದ ಕಣ್ಣು ಅದು ಇಟ್ಕಳ್ಳಾಕಿಲ್ಲ ಕಣಪ್ಪ. ಯಾರದೋ ಅವರಿಗೇ ವಾಪಸ್ ಕಳಿಸ್ತದೆ," ಅಂದಳು.

ಹರಳೆಣ್ಣೆ ಹಚ್ಚು, ಉಪ್ಪು ಮೆಣಸಿನಕಾಯಿ ನಿವಾಳಿಸು ಎಂದು ಪಿಳ್ಳಮ್ಮನಿಗೆ ಬುದ್ಧಿ ಹೇಳಿ ಅವಳು ಹಾಲಿನೊಡನೆ ಹೊರಟಳು. ಹಾಲು ಮನೆ ಸೇರುವ ಮೊದಲೇ ಸುದ್ದಿ ಬೀದಿಯ ಕೊನೆ ಸೇರಿರುತ್ತದೆಂದು ಚಿಕ್ಕಮುನಿಯಪ್ಪನಿಗೆ ಗೊತ್ತಿತ್ತು. ಅವನ ಹೊಟ್ಟೆಕಿಚ್ಚು ಸುಳ್ಳೇನಲ್ಲ. ಆದರೆ ಇಷ್ಟು ವರ್ಷ ಅದನ್ನು ಬೂದಿ ಮುಚ್ಚಿದ ಕೆಂಡದಂತೆ ಹೊಟ್ಟೆಯೊಳಗೇ ಇಟ್ಟುಕೊಂಡು, ಹೊರಗೆ ನಗುತ್ತ ಮಾನವಾಗಿ ಬದುಕಿದ್ದ. ಈಗ ಅದು ಮುಖದ ಮೇಲೇ ಎದ್ದು ಕೂತಿತ್ತು.

ಮಧ್ಯಾಹ್ನದ ಊಟಕ್ಕೆ ಹೋಗದೆ ಇರುವ ಹಾಗೂ ಇರಲಿಲ್ಲ. ಇವನ ಗೃಹಪ್ರವೇಶಕ್ಕೆ ದೇವರಾಜ ಬೆಳ್ಳಿ ದೀಪ ಮುಯ್ಯಿ ಇಟ್ಟಿದ್ದ. ಆ ಮುಯ್ಯಿ ಇವತ್ತು ತೀರಿಸಲೇಬೇಕು, ಮನೆಯ ಯಜಮಾನನೇ ಕೈಯಾರೆ ಕೊಡಬೇಕು. ಹೋದರೆ ಕಣ್ಣು ನೋಡಿ ನಗುತ್ತಾರೆ, ಹೋಗದಿದ್ದರೆ ಕಣ್ಣು ನೋಡದೆಯೇ ನಗುತ್ತಾರೆ.

ಪಿಳ್ಳಮ್ಮ ಹರಳೆಣ್ಣೆ ಹಚ್ಚಿದಳು. ಕಣ್ಣು ಉರಿದು ಕೆಂಪಾಯಿತು, ರೆಪ್ಪೆ ಏಳಲಿಲ್ಲ. ಮೆಣಸಿನಕಾಯಿ ಸುಟ್ಟಳು. ಪಿಜಿಯ ನಾಲ್ಕಂತಸ್ತೂ ಕೆಮ್ಮಿತು, ರೆಪ್ಪೆ ಅಲ್ಲೇ ಇತ್ತು. ಕೆಮ್ಮುತ್ತಲೇ ಕೆಳಗಿಳಿದು ಬಂದ ಮಗಳು ವೇಣಿ ಅಪ್ಪನ ಮುಖ ನೋಡಿ ಗಾಬರಿಯಾದಳು. ದಿಢೀರನೆ ರೆಪ್ಪೆ ಬಿದ್ದರೆ ತಲೆಯೊಳಗಿನ ತೊಂದರೆಯೂ ಇರಬಹುದು, ಸುಮ್ಮನಿರಬಾರದು ಎಂದು ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಾರತ್ತಹಳ್ಳಿಯ ಕಣ್ಣಾಸ್ಪತ್ರೆಗೆ ಒಯ್ದಳು.

ಡಾಕ್ಟರಮ್ಮ ನಿಧಾನಸ್ಥೆ. ಟಾರ್ಚು ಬಿಟ್ಟು ಪಾಪೆ ನೋಡಿದಳು. ಒಂದು ಎರಡಾಗಿ ಕಾಣುತ್ತದೆಯೇ, ತಲೆನೋವಿದೆಯೇ, ನುಂಗಲು ಕಷ್ಟವೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದಳು. ತನ್ನ ಬೆರಳು ಮೇಲೆತ್ತಿ, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತಿರಲು ಹೇಳಿದಳು. ಕೊನೆಗೆ ಹಳೆಯ ಫೋಟೋ ಇದ್ದರೆ ತೋರಿಸಿ ಅಂದಳು.

ಚಿಕ್ಕಮುನಿಯಪ್ಪ ಮನೆಯ ಸಮಾರಂಭಗಳಲ್ಲಿ ಓಡಾಟದಲ್ಲೇ ಇರುವವನು, ಫೋಟೋಕ್ಕೆ ಸಿಕ್ಕುವವನಲ್ಲ. ವೇಣಿ ಫೋನು ತಡಕಿ ಅಂತೂ ನಾಲ್ಕು ಹುಡುಕಿದಳು. ಮೊದಲನೆಯದು ಅವರ ಗೃಹಪ್ರವೇಶದ್ದು, ಎರಡು ಕಣ್ಣೂ ಒಂದೇ ಸಮ. ಆಮೇಲಿನ ಒಂದರಲ್ಲಿ ಹಾರ ಹಾಕಿದ ಕಾರಿನ ಪಕ್ಕ ನಿಂತಿದ್ದ, ಒಂದರಲ್ಲಿ ಬೋರ್‌ವೆಲ್ಲಿನ ನೀರು ಚಿಮ್ಮುತ್ತಿತ್ತು, ಇನ್ನೊಂದು ಯಾವುದೋ ಮದುವೆ ಮಂಟಪ. ಮೂರರಲ್ಲೂ ಎಡರೆಪ್ಪೆ ಒಂದಿಷ್ಟೊಂದಿಷ್ಟೇ ಇಳಿಯುತ್ತ ಬಂದಿತ್ತು.

"ನೋಡಿ ಯಜಮಾನ್ರೇ, ಇದು ಇವತ್ತಿಂದಲ್ಲ," ಅಂದಳು ಡಾಕ್ಟರಮ್ಮ. "ರೆಪ್ಪೆ ಎತ್ತೋ ಸ್ನಾಯುವಿನ ಪಟ್ಟಿ ವಯಸ್ಸಾಗ್ತಾ ಸಡಿಲ ಆಗತ್ತೆ. ನೀವು ಹುಬ್ಬು ಏರಿಸ್ಕೊಂಡು ಹೇಗೋ ಎತ್ತಿ ಹಿಡ್ಕೊಂಡಿದ್ರಿ. ರಾತ್ರಿ ನಿದ್ದೆ ಆಗಿಲ್ಲ, ಸುಸ್ತಲ್ಲಿ ಬಿಟ್ಟಿದ್ದೀರ."

ನೋಟಕ್ಕೆ ಅಡ್ಡ ಬಂದರೆ ಸಣ್ಣ ಆಪರೇಷನ್ ಮಾಡಿ ಪಟ್ಟಿ ಬಿಗಿ ಮಾಡಬಹುದು, ಸದ್ಯಕ್ಕೆ ಏನೂ ಬೇಡ, ಒಂದು ರಕ್ತಪರೀಕ್ಷೆ ಸಾಕು ಎಂದೂ ಹೇಳಿದಳು. ಚಿಕ್ಕಮುನಿಯಪ್ಪನಿಗೆ ಮಿಕ್ಕಿದ್ದು ಕಿವಿಗೆ ಬೀಳಲಿಲ್ಲ. ಇವತ್ತಿನದಲ್ಲ! ದೇವರಾಜ ಪಾಯ ತೋಡುವ ಮುಂಚಿನಿಂದಲೂ ಇಳಿದಿದ್ದ ರೆಪ್ಪೆಗೂ ದೇವರಾಜನ ಐದಂತಸ್ತಿಗೂ ಏನು ಸಂಬಂಧ? ಅವನು ಮಗಳ ಫೋನನ್ನು ಕೋರ್ಟಿನಲ್ಲಿ ಗೆದ್ದ ಆರ್ಡರಿನಂತೆ ಜೇಬಿಗಿಟ್ಟುಕೊಂಡ.

ಮಧ್ಯಾಹ್ನ ಪಿಳ್ಳಮ್ಮನೊಡನೆ ಪೆಂಡಾಲಿಗೆ ಹೋದವನು ಒಂದು ದೀಪಕ್ಕೆ ಬದಲಾಗಿ ಒಂದು ಜೊತೆ ಬೆಳ್ಳಿ ದೀಪ ದೇವರಾಜನ ಕೈಗಿಟ್ಟ. ದೇವರಾಜ ಇಷ್ಟು ಯಾಕಣ್ಣ ಎಂದು ಕಾಲಿಗೆ ಬಿದ್ದ. ಎಲೆಯ ಮುಂದೆ ಕೂತ ಬೀದಿಯವರೆಲ್ಲ ಇವನ ಕಣ್ಣನ್ನೇ ನೋಡುತ್ತಿದ್ದರು. ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಒಬ್ಬಟ್ಟು, ಅವರೆಕಾಳಿನ ಹುಳಿ, ಅನ್ನ, ಮಜ್ಜಿಗೆಯವರೆಗೂ ತಡೆದುಕೊಂಡು, ಎಲೆಅಡಿಕೆಯ ಹೊತ್ತಿಗೆ ಅವನೇ ಫೋನು ತೆಗೆದು ಶಿವಲಿಂಗಮ್ಮನ ಕೈಗೆ ಕೊಟ್ಟ. ಡಾಕ್ಟರು ಹೇಳಿದ್ದನ್ನು ಎಲ್ಲರಿಗೂ ಕೇಳುವಂತೆ ಹೇಳಿದ.

ಶಿವಲಿಂಗಮ್ಮ ಕನ್ನಡಕ ಹಾಕಿಕೊಂಡಳು. ಫೋಟೋ ದೂರ ಹಿಡಿದಳು, ಹತ್ತಿರ ಹಿಡಿದಳು.

"ಇದು ದೇವ್ರಾಜ ಕಾರ್ ತಂದ ದಿವ್ಸ ಅಲ್ವಾ?"

ಬೆರಳಾಡಿಸಿದಳು. "ಇದು ಅವನ ಬೋರ್‌ನಾಗೆ ನೀರ್ ಬಿದ್ದಿದ್ದು. ನಿನ್ ಬೋರು ಒಣಗಿದ್ ವರ್ಸ." ಮತ್ತೆ ಬೆರಳಾಡಿಸಿದಳು. "ಇದು ಅವನ ಮಗನ ಮದ್ವೆ." ಒಂದು ಸಲ ಹಿಂದಕ್ಕೆ ಎಳೆದು ಮೊದಲನೆಯದಕ್ಕೆ ಬಂದಳು. "ನಿನ್ ಮನೇದ್ರಾಗೆ ಮಾತ್ರ ಎರಡೂ ಚೆಂದಾಗವೆ ಕಣಪ್ಪ."

ಫೋನು ಪಂಕ್ತಿಯುದ್ದಕ್ಕೂ ಕೈಯಿಂದ ಕೈಗೆ ಹೋಯಿತು. ಯಾರೂ ನಗಲಿಲ್ಲ. ನಕ್ಕಿದ್ದರೂ ಚೆನ್ನಾಗಿತ್ತು.

ಕೊನೆಗೆ ಅದು ದೇವರಾಜನ ಕೈಗೆ ಬಂತು. ಅವನು ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಎದುರಿಗೆ ಕಾಯಿಲೆಯವರು ಕೂತಾಗ ಬರುವ ಮರುಕವಿತ್ತು. ಫೋನನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟ.

ಅಷ್ಟರಲ್ಲಿ ಮೂರನೇ ಅಂತಸ್ತಿನ ಬಾಲ್ಕನಿಯಿಂದ ಪೇಂಟರ್ ಸೋಮಪ್ಪ ಕೂಗಿದ. ಯಾದಗಿರಿ ಕಡೆಯವನು. ಗೃಹಪ್ರವೇಶ ಮುಗಿದ ಮೇಲೆ ಬೊಂಬೆ ತೆಗೆಯಬೇಕೆಂದು ಬೆಳಿಗ್ಗೆಯೇ ಅವನಿಗೆ ಹೇಳಿದ್ದರು.

"ಯಣ್ಣಾ, ಗೊಂಬಿ ಇಳಸ್ಲೇನ್ರೀ?"

ದೇವರಾಜ ಮೇಲೆ ನೋಡಿದ, ಪಕ್ಕದಲ್ಲಿದ್ದ ಅಣ್ಣನನ್ನು ನೋಡಿದ. ದನಿ ತಗ್ಗಿಸಿದ್ದರೂ ಇಡೀ ಪೆಂಡಾಲಿಗೆ ಕೇಳಿಸಿತು.

"ಬೇಡ ಸೋಮಪ್ಪ. ಇರ್ಲಿ ಬಿಡು."

ಸಂಜೆ ಚಿಕ್ಕಮುನಿಯಪ್ಪ ಮತ್ತೆ ಹಾಲು ಕರೆಯಲು ಕೂತ. ಮುಯ್ಯಿ ತೀರಿತ್ತು, ಅದೊಂದು ಭಾರ ಇಳಿದಿತ್ತು. ಪಿಳ್ಳಮ್ಮ ಮಿಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ಮೇಲೆ ಬಾಲ್ಕನಿಯಲ್ಲಿ ಸೋಮಪ್ಪ ಕಂಬಿಯಿಂದಾಚೆ ಬಗ್ಗಿ, ಕಪ್ಪು ಬಣ್ಣದ ಡಬ್ಬಿಗೆ ಕುಂಚ ಅದ್ದಿ ಅದ್ದಿ, ಬೊಂಬೆಯ ಎಡಗಣ್ಣು ಬರೆಯುತ್ತಿದ್ದ. ಮಳೆಯಲ್ಲಿ ಇಳಿದಿದ್ದ ರೆಪ್ಪೆ ಮೆಲ್ಲಗೆ ಮೇಲೆ ಹೋಯಿತು. ಇಳಿಬಿಸಿಲಿಗೆ ಎರಡು ಕಣ್ಣೂ ಒಂದೇ ಅಳತೆಗೆ ತೆರೆದು ಮಿರಮಿರ ಮಿಂಚಿದವು.

ಚಿಕ್ಕಮುನಿಯಪ್ಪ ಕೆಚ್ಚಲು ಬಿಟ್ಟು, ಇದ್ದ ಒಂದೂವರೆ ಕಣ್ಣಿನಲ್ಲಿ ಅದನ್ನೇ ನೋಡಿದ.

"ನೋಡ್ದಾ," ಅಂದ. "ಅವನ ಬೊಂಬೇದೂ ವಾಸಿ ಆಗೋಯ್ತು."

"ಸುಮ್ನೆ ಆಲ್ ಕರೀರಿ," ಅಂದಳು ಪಿಳ್ಳಮ್ಮ ಮೊರದಿಂದ ತಲೆಯೆತ್ತದೆ. "ಅಂಗ್ ನೋಡಿದ್ರೆ ಅದೂ ಬಿದ್ದೋಯ್ತದೆ."