ಸ್ವಂತ ಊರಿಗೆ ವಿಹಾರ

ದಕ್ಷಿಣದ ಗಾಳಿ ಎದ್ದದ್ದೇ ಯೆರ್ಕೊನ ಗ್ರಹಚಾರಕ್ಕೆ ಮೊದಲು. ವಿಹಾರದ ಮೂರನೆಯ ಬೆಳಿಗ್ಗೆ ಹಡಗಿನ ಮೇಲಟ್ಟದಲ್ಲಿ ಕಾಲು ಚಾಚಿ ಕಾಫಿ ಹೀರುತ್ತಿದ್ದಾಗ ಕ್ಯಾಪ್ಟನ್ನಿನ ದನಿ ಕೇಳಿಸಿತು: "ಸಮುದ್ರ ಚೆನ್ನಾಗಿಲ್ಲ. ಇವತ್ತು ಕೊರ್ಚುಲಾಗೆ ಹೋಗೋದಿಲ್ಲ. ವೆಲಾ ಸ್ತೀನಾ ಅನ್ನೋ ಪುಟ್ಟ ಊರಲ್ಲಿ ನಿಲ್ಲಿಸ್ತೀವಿ."

ಯೆರ್ಕೊನ ಕಾಫಿ ಬಿಳಿ ಪ್ಯಾಂಟಿನ ಮೇಲೆ ಬಿತ್ತು. ವೆಲಾ ಸ್ತೀನಾ ಅವನ ಊರು. ಅಲ್ಲಿ ಅವನ ಮನೆಯಿತ್ತು. ಮನೆಯಲ್ಲಿ ಹೆಂಡತಿ ದೋಮಿನಾ ಇದ್ದಳು. ಆಕೆಯ ಲೆಕ್ಕದಲ್ಲಿ ಗಂಡ ಬೆನ್ನುನೋವಿಗೆಂದು ಜಾಗ್ರೆಬ್‌ನ ಆಸ್ಪತ್ರೆಯಲ್ಲಿ ಮಲಗಿದ್ದ.

ಮೂವತ್ತು ವರ್ಷ ದೋಣಿಸಾರಿಗೆಯಲ್ಲಿ ಟಿಕೆಟ್ ಹರಿದು ನಿವೃತ್ತನಾದವನಿಗೆ ಒಂದೇ ಆಸೆಯಿತ್ತು: ಒಂದು ಸಲವಾದರೂ ತಾನು ಕೂತಿರಬೇಕು, ಬೇರೆಯವರು ಓಡಾಡಬೇಕು. ಹಡಗಿನ ಇಂಜಿನ್ ನೋಡಿಕೊಳ್ಳುವ ಹಳೆಯ ಗೆಳೆಯ ರೊಕೊ, "ಯಾರೋ ಬರೋದು ತಪ್ಪಿಸ್ಕೊಂಡಿದಾರೆ. ಒಬ್ಬನಿಗೆ ಕೋಣೆ ಇದೆ, ಬಾ" ಎಂದಿದ್ದ. ಒಬ್ಬನಿಗೆ ಎಂದರೆ ದೋಮಿನಾ ಬಿಡುತ್ತಿರಲಿಲ್ಲ. ಊರಿನವರಿಗೆ ಹೇಳುವುದಂತೂ ದೂರದ ಮಾತು. ಬಂದರಿನ ಕೆಫೆಯಲ್ಲಿ ಕೂತು ಇಂಥ ಹಡಗುಗಳಿಂದ ಇಳಿಯುವವರಿಗೆ 'ತೊಳೆದಿಟ್ಟ ಆಲೂಗಡ್ಡೆಗಳು' ಎಂದು ಹೆಸರಿಟ್ಟವನೇ ಅವನು.

ಯೆರ್ಕೊ ಇಂಜಿನ್ ಕೋಣೆಗೆ ಧಾವಿಸಿದ. "ರೊಕೊ, ಹಡಗು ತಿರುಗಿಸು."

"ತಳ್ಳುಗಾಡಿ ಅಂದ್ಕೊಂಡೆಯೇನೋ?" ಎಂದ ರೊಕೊ, ಎಣ್ಣೆಗೈ ಒರೆಸಿಕೊಳ್ಳುತ್ತಾ. "ಕೋಣೆ ಚಿಲಕ ಹಾಕ್ಕೊಂಡು ಬಿದ್ಕೋ. ಸಂಜೆಗೆ ಹೊರಡ್ತೀವಿ."

ಯೆರ್ಕೊ ಹಾಗೇ ಮಾಡಿದ. ಬಂದ ಮೇಲೆ ವಿಹಾರವನ್ನು ಕಡೇತನಕ ಮುಗಿಸಿಯೇ ತೀರುತ್ತೇನೆ, ಆ ಊರಿನ ಕಲ್ಲಿನ ಮೇಲೆ ಕಾಲಿಡುವುದಿಲ್ಲ ಎಂದು ನಿಶ್ಚಯಿಸಿ ಕತ್ತಿನವರೆಗೂ ಹೊದ್ದುಕೊಂಡ. ಆದರೆ ಪಕ್ಕದ ಕೋಣೆಯಲ್ಲಿದ್ದವರು ಜರ್ಮನಿಯ ಹೆಡ್ವಿಗ್. ಆಕೆ ನಲವತ್ತು ವರ್ಷ ಆಸ್ಪತ್ರೆಯಲ್ಲಿ ದಾದಿಯರ ಮೇಲ್ವಿಚಾರಕಿಯಾಗಿದ್ದವರು. ಬಾಗಿಲು ಹಾಕಿಕೊಂಡವರನ್ನು ಕಂಡರೆ ಅವರ ಕೈ ತಾನಾಗಿ ನಾಡಿ ಹುಡುಕುತ್ತಿತ್ತು. ಮೊದಲ ದಿನವೇ ಆಕೆಯ ವಿಚಾರಣೆಗೆ ಸಿಕ್ಕಿ ಯೆರ್ಕೊ, ಟಿಕೆಟ್ ಹರಿಯುತ್ತಾ ಕಲಿತ ಜರ್ಮನ್‌ನಲ್ಲಿ, ತನ್ನ ಹೆಸರು ವಿಕ್ಟರ್, ಊರು ಜಾಗ್ರೆಬ್, ಮದುವೆಯಾಗಿಲ್ಲ ಎಂದು ಒಂದೇ ಉಸಿರಿಗೆ ಮೂರು ಸುಳ್ಳು ಹೇಳಿದ್ದ.

ಹಡಗು ಕಟ್ಟೆಗೆ ತಾಗಿ ತುಸು ಹೊತ್ತಿಗೆ ಅವರು ಬಾಗಿಲು ತಟ್ಟಿದರು. "ವಿಕ್ಟರ್ ಅವರೇ, ಬಾಗಿಲು ತೆಗೀರಿ. ಬೆವರ್ತಾ ಇದೀರಾ?"

"ಇಲ್ಲ. ನಿದ್ದೆ ಬರ್ತಾ ಇದೆ."

"ಬೆಳಿಗ್ಗೆ ಹೊತ್ತು ನಿದ್ದೆ ಒಳ್ಳೇ ಲಕ್ಷಣ ಅಲ್ಲ. ಈ ಊರಲ್ಲಿ ಪೆರೀನಾ ಅಂತ ನರ್ಸ್ ಇದಾಳಂತೆ. ಹೇಳಿ ಕಳಿಸಿದೀನಿ, ಈಗ ಬರ್ತಾಳೆ."

ಪೆರೀನಾ ಅವನ ಗೋಡೆ ಪಕ್ಕದ ಮನೆಯವಳು. ಅವಳಿಗೆ ತಿಳಿದದ್ದು ಚರ್ಚಿನ ಗಂಟೆಗಿಂತ ಬೇಗ ಊರಿಗೆಲ್ಲ ಕೇಳಿಸುತ್ತಿತ್ತು. ಯೆರ್ಕೊ ಬಿಸಿ ಹೆಂಚಿನ ಮೇಲಿಂದ ಎದ್ದವನಂತೆ ಎದ್ದು ಬಾಗಿಲು ತೆರೆದ.

"ನಂಗೇನೂ ಆಗಿಲ್ಲ. ಗಂಟಲು ಒಂದು ಸ್ವಲ್ಪ ಕಟ್ಟಿದೆ."

"ಹಾಗಾದ್ರೆ ನರ್ಸ್ ಬೇಡ, ಓಡಾಡಿದ್ರೆ ಸರಿಹೋಗುತ್ತೆ. ಮಾತು ಮಾತ್ರ ಆಡಬೇಡಿ" ಎಂದು ಹೆಡ್ವಿಗ್ ತಮ್ಮ ಉಣ್ಣೆಯ ಶಾಲನ್ನು ಅವನ ಮೂಗಿನವರೆಗೂ ಸುತ್ತಿ, ತೋಳಿಗೆ ತೋಳು ಸಿಕ್ಕಿಸಿದರು. ಯೆರ್ಕೊ ಕಪ್ಪು ಕನ್ನಡಕ ಏರಿಸಿ, ಹುಲ್ಲಿನ ಟೋಪಿಯನ್ನು ಹುಬ್ಬಿನವರೆಗೆ ಇಳಿಸಿದ. ಹೊರಗೆ ಕಾಣುತ್ತಿದ್ದದ್ದು ಎರಡು ಕಿವಿಗಳಷ್ಟೇ.

ಬಂದರುಕಟ್ಟೆಯ ಕೆಫೆಯಲ್ಲಿ ಅವನ ಮೇಜಿನ ಸುತ್ತ ಅವನ ಗೆಳೆಯರೇ ಕೂತಿದ್ದರು.

"ಬಂದ್ವು ನೋಡ್ರೋ, ತೊಳೆದಿಟ್ಟ ಆಲೂಗಡ್ಡೆಗಳು."

"ಆ ಶಾಲು ಸುತ್ಕೊಂಡಿರೋದು ಸಿಪ್ಪೆ ಸಮೇತ ಬೆಂದಿದೆ."

"ಯೆರ್ಕೊ ಇರಬೇಕಿತ್ತು ಕಣ್ರೋ. ಇದನ್ನ ನೋಡಿದ್ರೆ ಬೆನ್ನುನೋವೆಲ್ಲ ಹೋಗ್ತಿತ್ತು."

ಯೆರ್ಕೊ ಹಲ್ಲು ಕಚ್ಚಿಕೊಂಡು ನಡೆದ. ಹಡಗಿನ ಮಾರ್ಗದರ್ಶಿ ಹುಡುಗಿ ಎಲ್ಲರನ್ನೂ ಮೆಟ್ಟಿಲ ಓಣಿಗೆ ಹತ್ತಿಸಿದಳು. ಅದು ಅವನ ಓಣಿ. ಒಂದು ಹಸಿರು ಬಾಗಿಲ ಮುಂದೆ ನಿಂತಳು. ಅದು ಅವನ ಬಾಗಿಲು.

"ಇವತ್ತಿನ ಊಟ ಒಂದು ನಿಜವಾದ ಮೀನುಗಾರರ ಮನೆಯಲ್ಲಿ" ಎಂದಳು. "ಬೆಳಿಗ್ಗೆ ಫೋನ್ ಮಾಡಿದಾಗ ಊರಲ್ಲಿ ಒಪ್ಪಿದ್ದು ಈ ತಾಯಿ ಒಬ್ಬರೇ."

ಬಾಗಿಲಲ್ಲಿ ದೋಮಿನಾ ನಿಂತಿದ್ದಳು, ಅಡಿಯಿಂದ ಮುಡಿವರೆಗೆ ಕಪ್ಪು ಬಟ್ಟೆಯಲ್ಲಿ.

ಯಾರು ಸತ್ತರು ಎಂದು ಯೆರ್ಕೊ ಲೆಕ್ಕ ಹಾಕಿದ. ಒಳಗೆ ಕಾಲಿಟ್ಟಾಗ ಗೊತ್ತಾಯಿತು. ಗೋಡೆಯ ಮೇಲೆ ಪೊದೆಮೀಸೆಯ, ಯೌವನದ ಯೆರ್ಕೊನ ಚಿತ್ರವಿತ್ತು. ಅದರ ಮುಂದೆ ಮೇಣದ ಬತ್ತಿ ಉರಿಯುತ್ತಿತ್ತು.

"ನನ್ನ ಗಂಡ" ಎಂದಳು ದೋಮಿನಾ, ಉಪ್ಪು ಹಾಕಿಟ್ಟ ಮೀನಿನ ತಟ್ಟೆ ಇಡುತ್ತಾ. "ಇಂಥದ್ದೇ ಗಾಳಿ ಎದ್ದಿದ್ದ ದಿನ. ಮುಳುಗ್ತಿದ್ದ ದೋಣಿಯಿಂದ ಏಳು ಜನರನ್ನ ದಡಕ್ಕೆ ತಂದ್ರು. ಎಂಟನೆಯವನಿಗೆ ಅಂತ ಹೋದವರು ಬರಲಿಲ್ಲ."

ಹುಡುಗಿ ಅದನ್ನು ಎಲ್ಲರ ಭಾಷೆಗೂ ತಿರುಗಿಸಿದಳು.

ಏಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಯೆರ್ಕೊ ಶಾಲಿನೊಳಗೆ ಕುದಿದ. ಎದ್ದು ನಿಂತು, ಇಲ್ಲೇ ಇದ್ದೇನೆ ಎನ್ನಬೇಕೆನ್ನಿಸಿತು. ಹಾಗೆ ಹೇಳಿಬಿಟ್ಟರೆ ಆಸ್ಪತ್ರೆಯಿಂದ ಇಲ್ಲಿಗೆ ಹೇಗೆ ಬಂದೆ ಎಂದೂ ಹೇಳಬೇಕಾಗುತ್ತಿತ್ತು.

"ಸ್ವಭಾವ ಹೇಗಿತ್ತು?" ಎಂದರು ಹೆಡ್ವಿಗ್.

"ಒಂದು ಜೋರು ಮಾತಿಲ್ಲ. ಉಂಡ ತಟ್ಟೆ ತಾವೇ ತೊಳೀತಿದ್ರು. ನಂಗೆ ತಲೆನೋವು ಅಂದ್ರೆ ಅವರು ಊಟ ಬಿಡ್ತಿದ್ರು."

ಇದೆಲ್ಲ ಯಾವಾಗ ನಡೆಯಿತು ಎಂದು ಯೆರ್ಕೊ ಯೋಚಿಸಿದ. ನಡೆದಿರಲಿಲ್ಲ. ಆದರೆ ಇಷ್ಟು ವರ್ಷದಲ್ಲಿ ದೋಮಿನಾಳ ಬಾಯಲ್ಲಿ ತನ್ನ ಬಗ್ಗೆ ಇಂಥ ಮಾತು ಕೇಳಿದ್ದು ಇದೇ ಮೊದಲು. ಅವನ ಕನ್ನಡಕದ ಕೆಳಗಿಂದ ನೀರಿಳಿಯತೊಡಗಿತು. ಹಾಗೇ ಹಿಂದೆ ಸರಿದು, ಅಭ್ಯಾಸಬಲದಿಂದ, ಕಿಟಕಿ ಪಕ್ಕದ ತನ್ನ ಕುರ್ಚಿಯಲ್ಲೇ ಕುಸಿದ.

"ಅಯ್ಯೋ, ಅದು ತೀರಿಕೊಂಡವರ ಕುರ್ಚಿಯಂತೆ" ಎಂದಳು ಹುಡುಗಿ ಗಾಬರಿಯಾಗಿ.

ದೋಮಿನಾ ತಿರುಗಿ ನೋಡಿದಳು. ತುಸು ಹೊತ್ತು ನೋಡಿದಳು. "ಕೂತ್ಕೊಳ್ಳಲಿ ಬಿಡಿ. ಯಾರೋ ಪಾಪ, ದಣಿದಿದಾರೆ" ಎಂದು, ಅವನ ಮುಂದೆ ಒಣಗಿಸಿದ ಹಂದಿಮಾಂಸದ ತಟ್ಟೆಯನ್ನೂ ವೈನನ್ನೂ ಇಟ್ಟು ಹೋದಳು. ಅವನೇ ಹೊಗೆಗಿಟ್ಟು, ಹಬ್ಬಕ್ಕೆಂದು ಬಚ್ಚಿಟ್ಟ ಮಾಂಸ ಅದು. ಯೆರ್ಕೊ ಗೋಡೆಗೆ ಮುಖ ಮಾಡಿ ಶಾಲಿನೊಳಗೇ ಅಗಿದ.

ಹೊರಡುವಾಗ ದೋಮಿನಾ ಎಲ್ಲರ ಕೈ ಕುಲುಕಿದಳು. ಅವನ ಕೈಯನ್ನೂ ಕುಲುಕಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಹೆಡ್ವಿಗ್ ಮಾತ್ರ ಮಾತು ತಿರುಗಿಸಲು ಹುಡುಗಿಯನ್ನು ಕರೆದುಕೊಂಡು ದೋಮಿನಾಳೊಂದಿಗೆ ಅಡುಗೆಮನೆಯಲ್ಲಿ ಉಳಿದರು. ಯೆರ್ಕೊ ಓಣಿಯನ್ನೂ ಕೆಫೆಯನ್ನೂ ದಾಟಿ ಹಡಗು ಹತ್ತಿದ. ಗೆದ್ದೆ ಎಂದುಕೊಂಡ. ಹಡಗು ಬಂದರು ಬಿಡುತ್ತಿದ್ದಂತೆ ಶಾಲು ಬಿಚ್ಚಿ, ಮೇಲಟ್ಟದ ಆರಾಮಕುರ್ಚಿಯಲ್ಲಿ ಮಲಗಿ, ವೈನ್ ತರಿಸಿಕೊಂಡ.

ಹೆಡ್ವಿಗ್ ಪಕ್ಕದಲ್ಲಿ ಬಂದು ಕೂತರು. "ಕೋಪ ಮಾಡ್ಕೋಬೇಡಿ ವಿಕ್ಟರ್. ಆ ಮನೇಲಿ ನೀವು ಅತ್ತಿದ್ದು ನೋಡಿದೆ. ಆಕೆ ನಿಮ್ಮ ಮನಸ್ಸಿಗೆ ಹಿಡಿಸಿದಾರೆ ಅಂತ ಗೊತ್ತಾಯ್ತು. ನೀವೂ ಒಂಟಿ, ಅವರೂ ಒಂಟಿ. ನಾನೇ ಮದುವೆ ವಿಷಯ ಎತ್ತಿದೆ."

ಯೆರ್ಕೊ ಆರಾಮಕುರ್ಚಿಯಲ್ಲಿ ಎದ್ದು ಕೂತ. "ಏನಂದ್ಲು?"

"ಹೋದ ಗಂಡನ ಮುಂದೆ ನೀವು ಏನೂ ಅಲ್ವಂತೆ. ಆದ್ರೂ ಪೂರ್ತಿ ಬೇಡ ಅನ್ನಲಿಲ್ಲ. ಕ್ಯಾಪ್ಟನ್ ಪ್ರತಿ ವಾರ ಅವರ ಮನೇಲೇ ಊಟ ಅಂತ ನಿಶ್ಚಯ ಮಾಡಿದಾರೆ, ಜನಕ್ಕೆ ಅಷ್ಟು ಹಿಡಿಸಿದೆ. ಹಾಗಾಗಿ ಪ್ರವಾಸದ ಕಾಲ, ಅಂದ್ರೆ ಅಕ್ಟೋಬರ್, ಮುಗಿಯೋವರೆಗೂ ಅವರು ವಿಧವೆಯಾಗೇ ಇರಬೇಕಂತೆ. ಅಲ್ಲೀತನಕ ನೀವು ದೋಣಿ ಇಡೋ ಕೊಟ್ಟಿಗೆಯಲ್ಲಿ ಮಲಗಬೇಕು, ಹಗಲು ಹೊತ್ತು ಹೊರಗೆ ಮುಖ ತೋರಿಸಬಾರದು ಅಂದ್ರು. ನಿಮ್ಮನ್ನ ಯಾಕೋ ಯೆರ್ಕೊ ಯೆರ್ಕೊ ಅಂತಿದ್ರು. ಅದು ಸತ್ತವರ ಹೆಸರಲ್ವಾ? ಪಾಪ, ದುಃಖದಲ್ಲಿ ತಡವರಿಸ್ತಾರೆ."

ಯೆರ್ಕೊ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ದೋಣಿ ಕೊಟ್ಟಿಗೆಯಲ್ಲಿ ಇಲಿಗಳಿದ್ದವು. ತಾನು ಮಾತ್ರ ಅಲ್ಲಿ ಮಲಗುವುದಿಲ್ಲ, ಈ ಹಡಗು ಬಿಟ್ಟು ಇಳಿಯುವುದೂ ಇಲ್ಲ ಎಂದು ನಿಶ್ಚಯಿಸಿ ನೇರ ಇಂಜಿನ್ ಕೋಣೆಗಿಳಿದ.

"ರೊಕೊ, ಅಕ್ಟೋಬರ್‌ವರೆಗೂ ನಂಗೆ ಕೋಣೆ ಬೇಕು."

"ಮೇಲೆ ಒಂದೂ ಖಾಲಿ ಇಲ್ಲ" ಎಂದ ರೊಕೊ, ತಲೆ ಎತ್ತದೆ. "ಇಲ್ಲಿ ನನ್ನ ಕೈಯಾಳು ಬಿಟ್ಟು ಹೋಗಿದಾನೆ. ಅವನ ಮಂಚ ಇದೆ. ಗ್ರೀಸ್ ಹಾಕೋಕೆ ಬರುತ್ತಾ?"

ಮೇಲಿನಿಂದ ನಗು, ಸಂಗೀತ, ತಟ್ಟೆಗಳ ಸದ್ದು ಇಳಿದು ಬರುತ್ತಿದ್ದವು. ಯೆರ್ಕೊ ಬಿಳಿ ಅಂಗಿಯ ತೋಳು ಮಡಚಿದ.

"ತೋರಿಸು" ಎಂದ.