ತಾನಾಗಿಯೇ ಬಂದ ವಿಳಾಸ

ಲೈಬ್ರರಿ ಗುಮಾಸ್ತನ ಗ್ರಹಚಾರ ಕೆಟ್ಟದ್ದು ಬೆಳಿಗ್ಗೆ ಹತ್ತು ಗಂಟೆಗೆ, ಅದೂ ಮುಖ್ಯಸ್ಥರ ಒಂದು ಒಳ್ಳೆಯ ಸಲಹೆಯಿಂದ.

"ನಮ್ಮ ವೆಬ್‌ಸೈಟಿನ ಪುಟಗಳಿಗೆಲ್ಲ ಬರೀ ನಂಬರು ಕಣ್ರೀ. ಪುಟ ನಾನೂರ ಹದಿನೇಳು ಅಂದ್ರೆ ಯಾರಿಗೇನು ತಿಳಿಯುತ್ತೆ? ವಿಳಾಸ ಓದಿದ್ರೆ ಒಳಗೇನಿದೆ ಅಂತ ಗೊತ್ತಾಗೋ ಹಾಗೆ ಮಾಡಿ."

ಗುಮಾಸ್ತ ಮಾಡಿದ. ಸೆಟ್ಟಿಂಗ್ಸಿನಲ್ಲಿ ಒಂದು ಟಿಕ್ ಹಾಕಿದರೆ ಮುಗಿಯಿತು. ಪುಟಕ್ಕೆ ಕೊಟ್ಟ ಶೀರ್ಷಿಕೆಯಿಂದಲೇ, ಪದಗಳ ನಡುವೆ ಒಂದೊಂದು ಗೆರೆ ಸೇರಿ, ಅದರ ವಿಳಾಸ ತಾನಾಗಿ ತಯಾರಾಗುತ್ತದೆ. ಪರೀಕ್ಷೆ ಮಾಡಲು ಒಂದು ಪುಟವೂ ಸಿಕ್ಕಿತು: ಹರಿದ ಪುಸ್ತಕ ಹೊಲಿಯಲು ಕಲಿಸುವ ತರಗತಿಯ ಪ್ರಕಟಣೆ. ಕಲಿಸುವವರು ಲೈಬ್ರರಿಯ ಪಕ್ಕದ ಕೋಣೆಯ ಬೈಂಡಿಂಗ್ ಮೇಡಂ.

ಈ ಮೇಡಂ ಹೆಸರೆತ್ತಿದರೆ ಸಾಕು, ನಮ್ಮ ಗುಮಾಸ್ತ ಕೈಯಲ್ಲಿದ್ದ ಕೆಲಸ ಮರೆಯುತ್ತಾನೆ. ಅವನ ವಯಸ್ಸು ನಲವತ್ತೆರಡು ದಾಟಿದೆ. ಮೂರು ವರ್ಷದಿಂದ ಅವರನ್ನು ಒಂದು ಮಾತು ಕೇಳಬೇಕೆಂದು ಒದ್ದಾಡುತ್ತಿದ್ದಾನೆ, ಪಾಪ. ಚೆನ್ನಾಗಿರುವ ಪುಸ್ತಕಗಳನ್ನೂ ರಿಪೇರಿಗೆಂದು ಹೊತ್ತುಕೊಂಡು ಅವರ ಕೋಣೆಗೆ ಹೋಗುತ್ತಾನೆ, ಕೇಳದೆ ವಾಪಸು ಬರುತ್ತಾನೆ. ಅಂದು ಶೀರ್ಷಿಕೆಯ ಜಾಗ ಖಾಲಿ ಇರುವುದನ್ನು ಕಂಡು, ಯಾರೂ ನೋಡುತ್ತಿಲ್ಲವಲ್ಲ ಎಂಬ ಧೈರ್ಯದಲ್ಲಿ, "ಮೇಡಂ ನನ್ನನ್ನು ಮದುವೆ ಆಗ್ತೀರಾ" ಎಂದು ಟೈಪ್ ಮಾಡಿದ. ಎರಡು ನಿಮಿಷ ಅದನ್ನೇ ನೋಡಿದ. ನಿಟ್ಟುಸಿರುಬಿಟ್ಟು ಅಳಿಸಿ, "ಪುಸ್ತಕ ರಿಪೇರಿ ತರಗತಿ, ನಾಳೆ ಹನ್ನೊಂದಕ್ಕೆ" ಎಂದು ಬರೆದು ಆರುನೂರು ಸದಸ್ಯರಿಗೂ ಲಿಂಕ್ ಕಳಿಸಿದ.

ಶೀರ್ಷಿಕೆ ಬದಲಾಗಿತ್ತು. ವಿಳಾಸ ಬದಲಾಗಿರಲಿಲ್ಲ. ಆ ಎರಡು ನಿಮಿಷದಲ್ಲೇ ಕಂಪ್ಯೂಟರು ಮೊದಲ ಶೀರ್ಷಿಕೆಯಿಂದ ವಿಳಾಸ ಮಾಡಿ ತನ್ನ ಕೆಲಸ ಮುಗಿಸಿಬಿಟ್ಟಿತ್ತು.

ಮೊದಲು ಬಂದವರು ದಿನವೂ ಪೇಪರ್ ಓದಲು ಬರುವ ತಾತ. ಫೋನನ್ನು ಮೂಗಿಗೆ ತಾಗಿಸಿಕೊಂಡು, ಇಡೀ ಕೋಣೆಗೆ ಕೇಳುವಂತೆ ಓದಿದರು. "ಏನಯ್ಯಾ ಇದು, ಮೇಡಂ, ಗೆರೆ, ನನ್ನನ್ನು, ಗೆರೆ, ಮದುವೆ, ಗೆರೆ, ಆಗ್ತೀರಾ! ಯಾಕೆ ಇಷ್ಟೊಂದು ತೊದಲ್ತಿದ್ದೀಯಾ?"

ಗುಮಾಸ್ತ ಆಗಲೇ ಆ ವಿಳಾಸವನ್ನು ನೋಡಿದ್ದು. "ಅದು... ತಾನಾಗೇ ಬಂದಿದ್ದು ತಾತ."

"ನಮ್ಮ ಕಾಲದಲ್ಲೂ ತಾನಾಗೇ ಬರ್ತಿತ್ತು ಬಿಡು!"

ಅಷ್ಟರಲ್ಲಿ ಲೈಬ್ರರಿ ಸದಸ್ಯೆಯೂ ಆದ ಅವನ ಅಕ್ಕನ ಫೋನು. "ಲೋ, ಮದುವೆ ಆಗೋ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಯ್ತು. ಈಗ ಆರುನೂರು ಜನರನ್ನ ಒಟ್ಟಿಗೇ ಕೇಳ್ತಿದ್ದೀಯಾ?"

ಪುಟದ ಕೆಳಗೆ ಉತ್ತರಗಳು ಬೀಳತೊಡಗಿದವು. "ನನಗೆ ಮೊಮ್ಮಕ್ಕಳಿದ್ದಾರಪ್ಪಾ, ಕ್ಷಮಿಸು" ಎಂದು ನಿವೃತ್ತ ಟೀಚರೊಬ್ಬರು. "ತರಗತಿಗೆ ಬರ್ತೀನಿ, ಮದುವೆ ವಿಷಯ ಮನೇಲಿ ಕೇಳಿ ಹೇಳ್ತೀನಿ" ಎಂದು ಇನ್ಯಾರೋ. ಮೂರನೆಯದನ್ನು ಓದುವ ಶಕ್ತಿ ಅವನಿಗಿರಲಿಲ್ಲ.

ಮುಖ್ಯಸ್ಥರು ಓಡಿಬಂದರು. "ಮೇಡಂ ನೋಡೋದ್ರೊಳಗೆ ತೆಗೀರಿ ಅದನ್ನ! ಬೇಜಾರಾಗಿ ಅವರು ಕೆಲಸ ಬಿಟ್ಟು ಹೋದ್ರೆ?"

ಗುಮಾಸ್ತ ಮೌಸಿಗೆ ಕೈ ಹಾಕಿದ. ಮದುವೆ ಆಗದಿದ್ದರೆ ಬೇಡ, ಅವರು ಪಕ್ಕದ ಕೋಣೆಯಲ್ಲಿ ಸೂಜಿ ದಾರ ಹಿಡಿದು ಕೂತಿರುವುದಾದರೂ ಕಾಣುತ್ತಿರಲಿ. ಅಷ್ಟೂ ತಪ್ಪಿಹೋದರೆ ಬದುಕುವುದು ಹೇಗೆ?

ಪುಟ ಅಳಿಸಲು ಹೋದ. "ಹದಿನಾಲ್ಕು ಉತ್ತರಗಳೂ ಅಳಿಸಿಹೋಗುತ್ತವೆ, ಸರಿಯೇ?" ಎಂದು ಕಂಪ್ಯೂಟರು ಕೇಳಿತು. ಸರಿ ಒತ್ತಿದ. "ಮತ್ತೆ ಸಿಗುವುದಿಲ್ಲ, ಸರಿಯೇ?"

"ಸರಿ ಕಣೋ, ಮಹಾರಾಯ!" ಎಂದು ಮತ್ತೊಮ್ಮೆ ಒತ್ತಿ ಬೆವರು ಒರೆಸಿಕೊಂಡ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಬೈಂಡಿಂಗ್ ಮೇಡಂ ಅವನ ಮೇಜಿನ ಮುಂದೆ ಬಂದು ನಿಂತರು. ಬೆರಳಿಗಂಟಿದ ಗೋಂದನ್ನು ಉಜ್ಜಿಕೊಳ್ಳುತ್ತ, "ಓದಿದ್ರಾ?" ಎಂದರು.

"ಏನನ್ನ ಮೇಡಂ?"

"ನನ್ನ ಉತ್ತರಾನ. ಎಂಟನೇದು ನಂದು. ಅರ್ಧ ಗಂಟೆ ಕೂತು ಬರ್ದೆ."

ಗುಮಾಸ್ತನಿಗೆ ಕೂತ ಕುರ್ಚಿಯೇ ಜಾರಿದಂತಾಯಿತು. "ಅಯ್ಯೋ... ಅಳಿಸಿಬಿಟ್ಟೆ. ಏನ್ ಬರೆದಿದ್ರಿ?"

ಮೇಡಂ ಗೋಂದು ಉಜ್ಜುವುದನ್ನು ನಿಲ್ಲಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಪ್ರಶ್ನೆನೇ ತೆಗೆದುಹಾಕಿದ್ರಲ್ಲ, ಇನ್ನು ಯಾವುದಕ್ಕೆ ಅಂತ ಉತ್ತರ ಕೊಡ್ಲಿ? ಇನ್ನೊಂದ್ಸಲ ಕೇಳಿ, ಹೇಳ್ತೀನಿ."

ಆಚೆ ಮೇಜಿನಲ್ಲಿ ತಾತ ಪೇಪರ್ ಮಡಿಸಿಟ್ಟು ಇತ್ತ ತಿರುಗಿ ಕೂತರು. ಗುಮಾಸ್ತ ಎದ್ದು ನಿಂತ, ಕಾಲರ್ ಸರಿಮಾಡಿಕೊಂಡ, ಬಾಯಿ ತೆರೆದ.

"ನಾಳೆ ತರಗತಿ ಎಷ್ಟು ಗಂಟೆಗೆ, ಮೇಡಂ?"